ಗೋಸುಂಬೆಯ ನಾಲಗೆ

ಮಾತಿಗೆ ತಪ್ಪುವವನನ್ನು ನಾವು ಗೋಸುಂಬೆಯೆಂದು ಹಳಿಯುವೆವು. ಊಸರವಳ್ಳಿಯೆಂಬುದು ಇದಕ್ಕೆ ಇನ್ನೊಂದು ಹೆಸರು. ಸಂಸ್ಕೃತದಲ್ಲಿ ಕೃಕಲಾಸ, ಸರಟ ಎಂಬ ಹೆಸರುಗಳುಂಟು. ಒಬ್ಬನಿಗೆ ಕೊಟ್ಟ ಗೋವನ್ನೇ ಅರಿಯದೆ ಮತ್ತೊಬ್ಬನಿಗೆ ದಾನಮಾಡಿದ ನೃಗರಾಜನು ಕೃಕಲಾಸನಾಗಿ ಬಾವಿಯಲ್ಲಿ ಬಿದ್ದಿದ್ದು, ಶ್ರೀಕೃಷ್ಣನಿಂದ ಉದ್ಧಾರವಾದ ಕಥೆಯು ಭಾಗವತದ ದಶಮಸ್ಕಂಧದಲ್ಲಿದೆ. ಹೀಗೆ ಪುರಾಣದಲ್ಲಿ ಪಾಪಫಲಕ್ಕೂ ಲೋಕದಲ್ಲಿ ನಿಂದೆಗೂ ಗುರಿಯಾದ ಈ ಬಡಪ್ರಾಣಿಯ ಬಾಯೊಳಗೆ ಎಂತಹ ಚಮತ್ಕಾರವಿದೆಯೆಂಬುದನ್ನು ವಾಚಕರಿಗೆ ತಿಳಿಸಬೇಕೆಂದು ನನಗೆ ಬಹುಕಾಲದಿಂದ ಮನಸ್ಸಿತ್ತು. ಅದಕ್ಕೊಂದು ಕಾರಣವೂ ಉಂಟು.

ಮೂವತ್ತು ವರ್ಷಗಳ ಹಿಂದಿನ ಮಾತು. ಯಲ್ಲಾಪುರದಿಂದ ಹುಬ್ಬಳ್ಳಿಯ ಕಡೆಗೆ ಹೋಗುವಾಗ ಕಾಡು ತೆಳುವಾಗುತ್ತ ಬಯಲುಸೀಮೆ ಸಮೀಪಿಸುವಲ್ಲಿ ಒಂದು ಹಳ್ಳಿ. ಅಲ್ಲಿ ನಾನು ಉಪಾಧ್ಯಾಯನಾಗಿದ್ದೆನು. ಒಂದು ಸಂಜೆ ಹುಡುಗರು ಬೇಲಿಯ ಮೇಲೆ ಗೋಸುಂಬೆಯೊಂದನ್ನು ಕಂಡರು. ನಾವು ನೋಡುತ್ತಿದ್ದಂತೆಯೇ ಅದರ ಬಾಯಿಂದ ಏನೋ ಚಿಮ್ಮಿತು. ಅಷ್ಟು ದೂರದಲ್ಲಿದ್ದ ಮಿಡತೆ ಮಾಯವಾಯಿತು. “ವಿಷ ಉಗುಳ್ತದೆ, ಮಾಸ್ತರೇ!” ಎಂದು ಕೂಗಿ ಹುಡುಗರು ಕಲ್ಲೆತ್ತಿದರು. ನಾನು ತಡೆಯಲಿಲ್ಲ. ಅದು ವಿಷಜಂತುವೆಂದು ನಾನೂ ನಂಬಿದ್ದೆನು. ಮಾತನ್ನೇ ಮಾರಿ ಬದುಕುತ್ತಿದ್ದ ನನ್ನ ನಾಲಗೆ ಆ ಹೊತ್ತಿನಲ್ಲಿ ಅಲುಗಲಿಲ್ಲ. ಚಿಮ್ಮಿದ್ದು ವಿಷವಲ್ಲ, ಬರಿಯ ನಾಲಗೆಯೆಂಬುದು ತಿಳಿದುದು ಅನಂತರ, ಪುಸ್ತಕಗಳಿಂದ.

ಮೊದಲು ಪ್ರಾಣಿಯ ಗುರುತು. ಸಿರಸಿ, ಸಿದ್ದಾಪುರಗಳ ತೋಟದ ಬೇಲಿಯಲ್ಲಿ ತಲೆದೂಗುತ್ತ ಕತ್ತು ಕೆಂಪಾಗಿಸುವುದು ಓತಿಕ್ಯಾತ; ಅಡಿಕೆ ಮರದಿಂದ ಮರಕ್ಕೆ ತೇಲುವುದು ಹಾರುವ ಓತಿ. ಗೋಸುಂಬೆ ಇವುಗಳ ದೂರದ ದಾಯಾದಿ. ಅದಕ್ಕೆ ದಟ್ಟವಾದ ಮಳೆಗಾಡಿಗಿಂತ ಒಣಗಾಡೂ ಕುರುಚಲೂ ಹೆಚ್ಚು ಒಗ್ಗುವುವು. ಸುತ್ತುವ ಬಾಲ, ಇಕ್ಕುಳದಂತಹ ಪಾದ, ಬೇರೆಬೇರೆ ದಿಕ್ಕಿಗೆ ಹೊರಳುವ ಕಣ್ಣುಗಳು, ಅಳೆದಳೆದು ಇಡುವ ಹೆಜ್ಜೆ, ಇವೇ ಅದರ ಲಕ್ಷಣಗಳು. ಭಾರತದಲ್ಲಿರುವುದು ಇದರ ಒಂದೇ ಜಾತಿ. ಅದಕ್ಕೆ ೧೭೬೮ರಲ್ಲಿ ಲಾರೆಂಟಿಯೆಂಬ ಪಂಡಿತನು ಶಾಸ್ತ್ರೀಯ ನಾಮಕರಣ ಮಾಡಿದನು.

ಓತಿಕ್ಯಾತವೂ ಇರುವೆಯನ್ನು ನಾಲಗೆಯಿಂದಲೇ ಹೆಕ್ಕುವುದು. ಆದರೆ ಅದರ ನಾಲಗೆ ತುಟಿಯಿಂದ ಸ್ವಲ್ಪ ಮಾತ್ರ ಮುಂದೆ ಬರುವುದು. ಗೋಸುಂಬೆಯ ನಾಲಗೆಯಾದರೋ ಬಾಲವನ್ನು ಬಿಟ್ಟು ಅದರ ಮೈ ಎಷ್ಟು ಉದ್ದವೋ ಅದಕ್ಕಿಂತಲೂ ಮುಂದಕ್ಕೆ ಹಾರುವುದು. ಓಡಲಾರದ ಪ್ರಾಣಿಗೆ ನಾಲಗೆಯೇ ಓಟ. ಪ್ರಾಚೀನ ರೋಮಿನ ಪ್ಲಿನಿಯು ಇದು ಗಾಳಿಯನ್ನೇ ಉಂಡು ಬದುಕುವುದೆಂದು ಬರೆದನು. ಉಣ್ಣುವ ವೇಗವು ಕಣ್ಣಿಗೆ ಸಿಕ್ಕದಿದ್ದರೆ ಹಾಗೆ ತೋರುವುದು ಸಹಜವೇ.

ಈ ವೇಗ ಎಲ್ಲಿಂದ ಬಂದಿತು? ಬಾಯೊಳಗೆ ನಾಲಗೆಯ ಬುಡದ ಎಲುಬಿನಿಂದ ಮುಂದಕ್ಕೆ ಚಾಚಿದ ನುಣುಪಾದ ಕಡ್ಡಿಯೊಂದುಂಟು. ಅದರ ತುದಿ ಸಪೂರ. ಕಡ್ಡಿಯ ಸುತ್ತ, ಈರುಳ್ಳಿಯ ಪದರಗಳಂತೆ ಒಂದರೊಳಗೊಂದು ಸೇರಿಕೊಂಡ ನಾರಿನ ಒರೆಗಳಿವೆ. ಅವುಗಳ ಮೇಲೆ ಕೊಳವೆಯಂತಹ ಸ್ನಾಯು. ಸ್ನಾಯು ಬಿಗಿದಾಗ ಒರೆಗಳು ಹಿಗ್ಗಿ, ಹೆದೆಯೇರಿಸಿದ ಬಿಲ್ಲಿನಂತೆ ಬಲವನ್ನು ಕೂಡಿಟ್ಟುಕೊಳ್ಳುವುವು. ಕಡೆಗೆ ಅವು ಕಡ್ಡಿಯ ಮೊನೆಯನ್ನು ದಾಟಿ ಜಾರಿದೊಡನೆ ಕೂಡಿಟ್ಟ ಬಲವೆಲ್ಲ ಒಮ್ಮೆಗೇ ಬಿಡುಗಡೆಯಾಗುವುದು. ತೊಳೆದ ಹಲಸಿನ ಬೀಜವನ್ನು ಎರಡು ಬೆರಳಿನ ನಡುವೆ ಒತ್ತಿದರೆ ಅದು ಚಂಗನೆ ಹಾರುವುದನ್ನು ನಮ್ಮ ಕಡೆಯ ಮಕ್ಕಳೆಲ್ಲರೂ ಬಲ್ಲರು. ಇಲ್ಲಿ ಒತ್ತುವ ಬೆರಳೇ ಹಾರುವುದು, ಬೀಜ ನಿಂತಲ್ಲೇ ಇರುವುದು, ಇಷ್ಟೇ ಭೇದ. ಈ ಒರೆಗಳ ಮರ್ಮವನ್ನು ೨೦೦೪ರಲ್ಲಿ ಡಿ ಗ್ರೂಟ್ ಮತ್ತು ವಾನ್ ಲೀವೆನ್ ಎಂಬ ಡಚ್ಚರು ವಿವರಿಸಿದರು.

ಹಾರಿದ ನಾಲಗೆ ಮರಳಬೇಕಷ್ಟೆ. ಅದಕ್ಕೆ ಬೇರೊಂದು ಸ್ನಾಯುವುಂಟು. ಸೀರೆಯ ನಿರಿಗೆಯಂತೆ ಮಡಿಸಿಕೊಂಡಿದ್ದು, ನಾಲಗೆ ಹಾರಿದಾಗ ಬಿಚ್ಚಿಕೊಂಡು, ಅನಂತರ ಬೇಟೆಯೊಡನೆ ನಾಲಗೆಯನ್ನು ಒಳಕ್ಕೆಳೆಯುವುದು. ೨೦೧೦ರಲ್ಲಿ ಆಂಡರ್ಸನ್, ಡೆಬಾನ್ ಎಂಬ ಅಮೆರಿಕದ ವಿದ್ವಾಂಸರು ಇನ್ನೊಂದು ಜಾತಿಯ ಗೋಸುಂಬೆಯಲ್ಲಿ ಒಂದು ಸ್ವಾರಸ್ಯವನ್ನು ಕಂಡರು: ಮೈಯ ಶಾಖ ೧೦ ಡಿಗ್ರಿ ಇಳಿದರೆ ಎಳೆದುಕೊಳ್ಳುವ ಶಕ್ತಿ ಶೇಕಡಾ ೪೨ಕ್ಕೂ ಮಿಗಿಲಾಗಿ ಕುಂದುವುದು, ಹಾರುವ ಶಕ್ತಿಯಾದರೋ ಶೇಕಡಾ ೧೦ರಿಂದ ೧೯ರಷ್ಟು ಮಾತ್ರ. ಚಳಿಗೆ ಸ್ನಾಯು ಸೋಲುವುದು, ಹೆದೆಯೇರಿದ ಬಿಲ್ಲು ಅಷ್ಟಾಗಿ ಸೋಲದು.

ನಾಲಗೆಯ ತುದಿಯು ಉಬ್ಬಿದ ಮೆತ್ತೆಯಂತಿದೆ. ಅದರಲ್ಲಿ ಮುಳ್ಳಿಲ್ಲ, ವಿಷವಿಲ್ಲ, ಇರುವುದು ಅಂಟು. ಆ ಲೋಳೆಯು ಮನುಷ್ಯನ ಜೊಲ್ಲಿಗಿಂತ ಸುಮಾರು ೪೦೦ ಪಟ್ಟು ಮಂದವೆಂದು ೨೦೧೬ರಲ್ಲಿ ಬೆಲ್ಜಿಯಂ ದೇಶದಲ್ಲಿ ಅಳೆದು ಕಂಡರು. ಆದುದರಿಂದಲೇ ಗೋಸುಂಬೆಯು ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ಭಾರದ ಬೇಟೆಯನ್ನೂ ಎಳೆದುಕೊಳ್ಳಬಲ್ಲದು.

ನಮಗೆ ಅದರಿಂದ ಅಪಾಯವಿಲ್ಲ. ಅದು ತಿನ್ನುವುದು ಮಿಡತೆ, ನೊಣ ಮೊದಲಾದ ಹುಳುಗಳನ್ನು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧ. ಹೆಣ್ಣು ಮೊಟ್ಟೆಯಿಡಲು ಮರದಿಂದ ನೆಲಕ್ಕಿಳಿಯುವುದು. ಮೆಲ್ಲಗೆ ನಡೆಯುವ ಆ ಪ್ರಾಣಿ ರಸ್ತೆಯಲ್ಲಿ ಸಿಕ್ಕಿದರೆ ಗಾಡಿಯ ಗಾಲಿಗೋ ಹುಡುಗರ ಕಲ್ಲಿಗೋ ಈಡಾಗುವುದು.

ತಾಯಂದಿರಲ್ಲಿಯೂ ಅಜ್ಜಂದಿರಲ್ಲಿಯೂ ನನ್ನ ಬಿನ್ನಹವಿಷ್ಟೇ: ಮಕ್ಕಳು ಕಲ್ಲೆತ್ತಿದ ಆ ಒಂದು ಕ್ಷಣದಲ್ಲಿ “ತಡೆಯಿರಿ, ಅದು ವಿಷವಲ್ಲ” ಎಂದು ಹೇಳಿರಿ. ಆ ಸಂಜೆ ನಾನು ಆಡಬೇಕಾಗಿದ್ದ ಮಾತೂ ಅದೇ.