ಒಂದು ಹಾಡಲ್ಲ, ಇಡೀ ಆಲ್ಬಂ ಕೇಳಿ ನೋಡಿ

ನನ್ನ ಫೋನಿನಲ್ಲಿ ನಾನೂರಕ್ಕೂ ಹೆಚ್ಚು ಹಾಡುಗಳಿವೆ. ಮೊದಲ ವರ್ಷದ ಪಿಯುಸಿಯಲ್ಲಿದ್ದಾಗ ಅದು ನನಗೆ ದೊಡ್ಡ ಹೆಮ್ಮೆಯ ವಿಷಯವಾಗಿತ್ತು. ಬಸ್ಸಿನಲ್ಲಿ ಕಾಲೇಜಿಗೆ ಬರುವ ನಲವತ್ತು ನಿಮಿಷದಲ್ಲಿ ಇಪ್ಪತ್ತು ಇಪ್ಪತ್ತೈದು ಹಾಡು ಮುಗಿಸುತ್ತಿದ್ದೆ. ಅಂದರೆ ಪ್ರತಿಯೊಂದನ್ನೂ ಒಂದು ಒಂದೂವರೆ ನಿಮಿಷ ಕೇಳಿ ಮುಂದಿನದಕ್ಕೆ ಹಾರುತ್ತಿದ್ದೆ. ಒಂದು ದಿನ ಊಟದ ಬಿಡುವಿನಲ್ಲಿ ನಮ್ಮ ಉಪನ್ಯಾಸಕರೊಬ್ಬರು "ಏನಪ್ಪಾ ಕೇಳ್ತಿದ್ದೀಯ?" ಎಂದರು. ಹಾಡಿನ ಹೆಸರು ಹೇಳಿದೆ. "ಅದು ಯಾವ ಆಲ್ಬಂನದು? ಅದರ ಮುಂದಿನ ಹಾಡು ಯಾವುದು?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಆ ಹಾಡಿಗೆ ಹಿಂದೆ ಮುಂದೆ ಏನಾದರೂ ಇದೆ ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ.

ಅಂದಿನಿಂದ ಒಂದು ವರ್ಷ ಆಲ್ಬಂಗಳನ್ನು ಮೊದಲಿನಿಂದ ಕೊನೆಯವರೆಗೆ, ಅವುಗಳ ಕ್ರಮದಲ್ಲೇ ಕೇಳಿದೆ. ಅವುಗಳಲ್ಲಿ ಕೆಲವನ್ನು ನಿಮಗೂ ಹೇಳೋಣ ಎಂದುಕೊಂಡಾಗ ಗೆಳೆಯನೊಬ್ಬ, "ಇದನ್ನೆಲ್ಲ ನಮ್ಮ ಕಾಲೇಜಿನ ಪತ್ರಿಕೆಯಲ್ಲಿ ಬರೀತೀಯಾ? ಮ್ಯೂಸಿಕ್ ಹರಾಮ್ ಅಲ್ವೇನೋ?" ಎಂದ. ಆ ಪ್ರಶ್ನೆಯನ್ನು ಮರೆತಿಲ್ಲ. ಅದಕ್ಕೆ ಸ್ವಲ್ಪ ಹೊತ್ತಿನಲ್ಲಿ ಬರುತ್ತೇನೆ.

ಮೊದಲು ಆಲ್ಬಂ ಎಂದರೇನು ಎಂದು ನೋಡೋಣ. ಭಾರತದಲ್ಲಿ ಗ್ರಾಮಫೋನ್ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ, ಕಲ್ಕತ್ತಾದಲ್ಲಿ. ಆಗ ಹಾಡಿದವರಲ್ಲಿ ಬಹಳ ಹೆಸರಾದವರು ಗೌಹರ್ ಜಾನ್. ಆ ಕಾಲದ ತಟ್ಟೆಯಲ್ಲಿ ಒಂದು ಬದಿಗೆ ಸುಮಾರು ಮೂರು ನಿಮಿಷ ಮಾತ್ರ ಹಿಡಿಸುತ್ತಿತ್ತು. ಗಂಟೆಗಟ್ಟಲೆ ಹಾಡುವ ರಾಗವನ್ನು ಆಕೆ ಮೂರು ನಿಮಿಷಕ್ಕೆ ಇಳಿಸಿ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರನ್ನೂ ಹೇಳುತ್ತಿದ್ದರು. (ಈ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?) ಉದ್ದದ ಸಂಗೀತ ಬೇಕಾದರೆ ನಾಲ್ಕೈದು ತಟ್ಟೆ ಕೊಳ್ಳಬೇಕಿತ್ತು. ಫೋಟೋ ಆಲ್ಬಂನಂತೆ ಜೇಬುಗಳಿದ್ದ ಪುಸ್ತಕದಲ್ಲಿ ಆ ತಟ್ಟೆಗಳನ್ನು ಇಟ್ಟು ಮಾರುತ್ತಿದ್ದುದರಿಂದ ಆಲ್ಬಂ ಎಂಬ ಹೆಸರು ಬಂತು. 1948ರಲ್ಲಿ ಅಮೆರಿಕದಲ್ಲಿ ಎಲ್‌ಪಿ ತಟ್ಟೆ ಬಂದ ಮೇಲೆ ಒಂದೊಂದು ಬದಿಯಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಸತೊಡಗಿತು. ಯಾವ ಹಾಡು ಮೊದಲು, ಯಾವುದು ಕೊನೆಗೆ, ತಟ್ಟೆ ಮಗುಚುವ ಮುಂಚೆ ಏನಿರಬೇಕು ಎಂದು ಕಲಾವಿದರು ಯೋಚಿಸತೊಡಗಿದರು. ನಮ್ಮ ಫೋನಿನ ಶಫಲ್ ಬಟನ್ ಅಳಿಸಿಹಾಕುವುದು ಈ ಯೋಚನೆಯನ್ನೇ.

ಇದು ಅರ್ಥವಾಗಬೇಕಾದರೆ ಮೊದಲು ಕೇಳಬೇಕಾದ್ದು 'ಕಾಲ್ ಆಫ್ ದ ವ್ಯಾಲಿ', 1967ರದು. ಸಂತೂರ್ ಶಿವಕುಮಾರ್ ಶರ್ಮಾ, ಕೊಳಲು ಹರಿಪ್ರಸಾದ್ ಚೌರಾಸಿಯಾ, ಗಿಟಾರ್ ಬ್ರಿಜ್‌ಭೂಷಣ್ ಕಾಬ್ರಾ. ಮೂವರೂ ಆಗ ಮೂವತ್ತರ ಆಸುಪಾಸಿನವರು. ಮಾತಿಲ್ಲ, ಹಾಡಿಲ್ಲ, ಆದರೂ ಕಥೆಯಿದೆ: ಕಾಶ್ಮೀರದ ಕಣಿವೆಯ ಕುರುಬನೊಬ್ಬನ ಒಂದು ದಿನ. ಹಿಂದೂಸ್ತಾನಿ ಸಂಗೀತದಲ್ಲಿ ರಾಗಗಳಿಗೆ ಹೊತ್ತು ಇದೆಯಲ್ಲ, ಅದನ್ನೇ ಇಲ್ಲಿ ಗಡಿಯಾರದಂತೆ ಬಳಸಿದ್ದಾರೆ. ಆಹಿರ್ ಭೈರವದಲ್ಲಿ ಬೆಳಗಾಗುತ್ತದೆ, ಭೂಪಾಲಿ ಬಂದಾಗ ಸಂಜೆ, ದೇಸ್ ಬಂದಾಗ ರಾತ್ರಿ, ಕೊನೆಗೆ ಪಹಾಡಿ. ನಾನು ಮೊದಲ ಸಲ ಇದನ್ನು ಶಫಲ್‌ನಲ್ಲೇ ಕೇಳಿದ್ದೆ. ರಾತ್ರಿ ಮುಗಿದ ಮೇಲೆ ಬೆಳಗು, ಅದರ ಹಿಂದೆಯೇ ಮತ್ತೆ ರಾತ್ರಿ ಬಂದುಬಿಟ್ಟಿತ್ತು! ಇಷ್ಟವೇನೋ ಆಯಿತು, ಆದರೆ ಏನು ಕೇಳಿದೆ ಎಂದು ತಿಳಿಯಲಿಲ್ಲ. ಕ್ರಮದಲ್ಲಿ ಕೇಳಿದ ದಿನ, ನಲವತ್ತು ನಿಮಿಷ ಮುಗಿದಾಗ ಎಲ್ಲಿಗೋ ಹೋಗಿ ಬಂದಂತಾಯಿತು.

ಸಂತೂರ್ ಬಗ್ಗೆ ಎರಡು ಮಾತು. ಅದು ಸುಮಾರು ನೂರು ತಂತಿಗಳ ಮರದ ಪೆಟ್ಟಿಗೆ, ಎರಡು ಹಗುರ ಕಡ್ಡಿಗಳಿಂದ ತಟ್ಟಿ ನುಡಿಸುತ್ತಾರೆ. ಕಾಶ್ಮೀರದಲ್ಲಿ ಸೂಫಿಯಾನಾ ಸಂಗೀತದ ಜೊತೆಗಿದ್ದ ವಾದ್ಯ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಅದರಲ್ಲಿ ಆಗುವುದಿಲ್ಲ, ಆದ್ದರಿಂದ ರಾಗಕ್ಕೆ ಅದು ಒಗ್ಗದು ಎಂದು ಅನೇಕರು ಹೇಳಿದ್ದರು. ಶಿವಕುಮಾರ್ ಶರ್ಮಾ ವಾದ್ಯವನ್ನೂ ತಿದ್ದಿದರು, ನುಡಿಸುವ ಬಗೆಯನ್ನೂ ತಿದ್ದಿದರು.

ಕನ್ನಡಕ್ಕೆ ಬರೋಣ. ನವೆಂಬರ್ 1ಕ್ಕೆ ನಮ್ಮ ಅಂಗಳದಲ್ಲಿ ಪ್ರತಿ ವರ್ಷ ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಹಾಡುತ್ತೇವೆ. ಅದೊಂದು ಕ್ಯಾಸೆಟ್ಟಿನ ಹೆಸರೂ ಹೌದು ಎಂದು ಹೇಳಿದಾಗ ನನ್ನ ಬೆಂಚಿನವರು ನಂಬಲಿಲ್ಲ. 1978ರಲ್ಲಿ ಬಂತು, ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆ. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದೇ ಅದನ್ನು ಕರೆಯುತ್ತಾರೆ. ಅದುವರೆಗೆ ಕವಿತೆ ಎಂದರೆ ಪುಸ್ತಕದಲ್ಲಿ ಇರುವುದು, ಹೆಚ್ಚೆಂದರೆ ರೇಡಿಯೋದಲ್ಲಿ ಬರುವುದು. ಕ್ಯಾಸೆಟ್ ಬಂದ ಮೇಲೆ ಕವಿತೆ ಅಡುಗೆ ಮನೆಗೂ ಅಂಗಡಿಗೂ ಹೋಯಿತು. ವಿಜ್ಞಾನ ವಿಭಾಗದವರು ಗಮನಿಸಿ: ನಿಸಾರ್ ಸಾಹೇಬರು ಕಲಿಸುತ್ತಿದ್ದುದು ಕನ್ನಡವನ್ನಲ್ಲ, ಭೂವಿಜ್ಞಾನವನ್ನು. ಶಿವಮೊಗ್ಗದಲ್ಲೂ ಪಾಠ ಮಾಡಿದ್ದವರು. ಕಲ್ಲು, ಅದಿರು, ನದಿ ಓದಿದ ಕಣ್ಣು ಆ ಹಾಡಿನಲ್ಲಿದೆ ಎಂದು ನನಗನ್ನಿಸುತ್ತದೆ. ಆ ಒಂದು ಹಾಡಿಗೆ ನಿಲ್ಲಬೇಡಿ. ವೇದಿಕೆಯ ಮೇಲೆ ಕೋರಸ್ಸಿನಲ್ಲಿ ನಮಗೆ ಕೇಳಿಸುವುದು ಹೆಮ್ಮೆ ಮಾತ್ರ. ಆಲ್ಬಂ ಪೂರ್ತಿ ಕೇಳಿದರೆ ಅದೇ ಕವಿಯ ಬೇರೆ ಬೇರೆ ಮನಸ್ಸುಗಳು ಒಂದರ ಹಿಂದೊಂದು ಬರುತ್ತವೆ.

ಸಿನಿಮಾ ಹಾಡಿನ ಆಲ್ಬಂ ಬೇಕೆನ್ನುವವರಿಗೆ ಒಂದೇ ಹೆಸರು ಹೇಳುತ್ತೇನೆ, 'ಸನಾದಿ ಅಪ್ಪಣ್ಣ', 1977. ಸಂಗೀತ ಜಿ.ಕೆ. ವೆಂಕಟೇಶ್. ಪರದೆಯ ಮೇಲೆ ಶಹನಾಯಿ ಹಿಡಿದವರು ಡಾ. ರಾಜ್‌ಕುಮಾರ್, ನಿಜವಾಗಿ ಊದಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. 1947ರ ಸ್ವಾತಂತ್ರ್ಯದ ಸಂದರ್ಭದಲ್ಲಿ ಕೆಂಪುಕೋಟೆಯಲ್ಲಿ ನುಡಿಸಿದ ಅದೇ ಬಿಸ್ಮಿಲ್ಲಾ ಖಾನ್. ಎಸ್. ಜಾನಕಿಯವರ ದನಿಯೂ ಶಹನಾಯಿಯೂ ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಹಾಡೊಂದಿದೆ. ಯಾವುದು ಎಂದು ನಾನು ಹೇಳಬೇಕಾಗಿಲ್ಲ. ಸ್ಪೀಕರಿನಲ್ಲಿ ಹಾಕಿದರೆ ಮನೆಯ ಹಿರಿಯರೇ ಹೇಳುತ್ತಾರೆ.

ಕವ್ವಾಲಿ ಎಂದರೆ ಚಪ್ಪಾಳೆ, ಹಾರ್ಮೋನಿಯಂ ಅಷ್ಟೇ ಎಂದುಕೊಂಡಿದ್ದವರಿಗೆ ನುಸ್ರತ್ ಫತೇ ಅಲಿ ಖಾನ್. ಎರಡು ಆಲ್ಬಂ ಅಕ್ಕಪಕ್ಕ ಇಟ್ಟುಕೊಂಡು ಕೇಳಿ. 1989ರ 'ಶಹೆನ್‌ಶಾ' ಸಾಂಪ್ರದಾಯಿಕ ಕವ್ವಾಲಿ. 1990ರ 'ಮಸ್ತ್ ಮಸ್ತ್' ಕೆನಡಾದ ಮೈಕಲ್ ಬ್ರೂಕ್ ಜೊತೆ ಮಾಡಿದ್ದು, ಗಿಟಾರ್ ಮತ್ತು ವಿದ್ಯುತ್ ವಾದ್ಯಗಳ ನಡುವೆ ಅದೇ ದನಿ. ಎರಡನ್ನೂ ತಂದದ್ದು ಇಂಗ್ಲೆಂಡಿನ ರಿಯಲ್ ವರ್ಲ್ಡ್ ಕಂಪನಿ. ನನಗೆ ಮೊದಲನೆಯದೇ ಇಷ್ಟ. ಎರಡನೆಯದರಲ್ಲಿ ಹಾಡು ಬಿಸಿಯೇರುವ ಮುಂಚೆಯೇ ಮುಗಿದುಬಿಡುತ್ತದೆ. ಕವ್ವಾಲಿಗೆ ಒಂದೇ ಸಾಲನ್ನು ಹತ್ತು ಸಲ ತಿರುಗಿಸುವಷ್ಟು ಬಿಡುವು ಬೇಕು. ನನ್ನ ತಂಗಿ ಇದನ್ನು ಒಪ್ಪುವುದಿಲ್ಲ. 1997ರಲ್ಲಿ ಅವರು ತೀರಿಕೊಂಡಾಗ ವಯಸ್ಸು ಬರೀ 48.

ಅರೇಬಿಕ್ ತೆಗೆದುಕೊಂಡವರಿಗೆ ಈಜಿಪ್ಟಿನ ಉಮ್ಮು ಕುಲ್ಸೂಂ ಹಾಡಿದ 'ಇಂತ ಉಮ್ರಿ', 1964. ಒಂದೇ ಹಾಡು, ಹೆಚ್ಚುಕಡಿಮೆ ಒಂದು ಗಂಟೆ. ಆಕೆಯ ತಂದೆ ಹಳ್ಳಿಯ ಇಮಾಮ್. ಚಿಕ್ಕವಳಿದ್ದಾಗ ಕುರ್‌ಆನ್ ಪಠಣ ಕಲಿತ ನಾಲಿಗೆ, ಒಂದು ಅಕ್ಷರವೂ ತೇಲಿಹೋಗುವುದಿಲ್ಲ. ನನಗೆ ಅರೇಬಿಕ್ ಅಷ್ಟಾಗಿ ಬಾರದು, ಆದರೂ ಯಾವ ಪದ ಎಲ್ಲಿ ಮುಗಿಯಿತು ಎಂದು ಗೊತ್ತಾಗುತ್ತದೆ.

ಈಗ ನನ್ನ ಪಟ್ಟಿಯಲ್ಲಿ ಕಷ್ಟದ್ದು. ಅಮೆರಿಕದ ಜಾಝ್, ಜಾನ್ ಕೋಲ್ಟ್ರೇನ್ ಅವರ 'ಎ ಲವ್ ಸುಪ್ರೀಮ್'. 1964ರ ಡಿಸೆಂಬರ್ 9ರಂದು ಒಂದೇ ಬೈಠಕ್ಕಿನಲ್ಲಿ ಮುದ್ರಿಸಿದ್ದು, ಮುಂದಿನ ವರ್ಷ ಹೊರಬಂತು. ನಾಲ್ಕು ಭಾಗ, ಒಟ್ಟು ಮೂವತ್ತಮೂರು ನಿಮಿಷ. ಮೊದಲ ಸಲ ಹತ್ತು ನಿಮಿಷಕ್ಕೇ ತೆಗೆದುಬಿಟ್ಟೆ. ಸ್ಯಾಕ್ಸೊಫೋನ್ ಸುಮ್ಮನೆ ಕಿರುಚಿದಂತೆ ಕೇಳಿಸಿತು. ಆಮೇಲೆ ಅದರ ಹಿನ್ನೆಲೆ ಓದಿದೆ. ಕೋಲ್ಟ್ರೇನ್ ಹೆರಾಯಿನ್ ಚಟಕ್ಕೆ ಬಿದ್ದು, 1957ರಲ್ಲಿ ಅದರಿಂದ ಹೊರಬಂದವರು. ಬದುಕಿಸಿದ ದೇವರಿಗೆ ಕೃತಜ್ಞತೆ ಎಂದು ಈ ಆಲ್ಬಂ ಮಾಡಿದರು. ಕೊನೆಯ ಭಾಗಕ್ಕೆ ಅವರೇ ಒಂದು ಪ್ರಾರ್ಥನೆ ಬರೆದಿದ್ದರು. ಅದನ್ನು ಹಾಡಲಿಲ್ಲ, ಪದಪದವಾಗಿ ಸ್ಯಾಕ್ಸೊಫೋನಿನಲ್ಲಿ ನುಡಿಸಿದರು. ಜೊತೆಯಲ್ಲಿ ಪಿಯಾನೋ ನುಡಿಸಿದ ಮೆಕಾಯ್ ಟೈನರ್ ಹದಿಹರೆಯದಲ್ಲೇ ಇಸ್ಲಾಂ ಸ್ವೀಕರಿಸಿದ್ದವರು. ಇದನ್ನು ತಿಳಿದು ಮತ್ತೆ ಕೇಳಿದಾಗ, ಮೊದಲ ಭಾಗದಲ್ಲಿ ನಾಲ್ಕೇ ಸ್ವರ ಮತ್ತೆ ಮತ್ತೆ ಬರುವುದು ನನ್ನ ಕಿವಿಗೆ ಜಿಕ್ರ್‌ನಂತೆ ಕೇಳಿಸಿತು. ನಿಮಗೂ ಹಾಗೇ ಕೇಳಿಸಬೇಕೆಂದೇನಿಲ್ಲ. ಇದನ್ನು ಎರಡು ಸಲ ಕೇಳದೆ ಬಿಡಬೇಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಇನ್ನು ಗೆಳೆಯನ ಪ್ರಶ್ನೆ. ಉತ್ತರ ಕೊಡಲು ನಾನು ಆಲಿಮ್ ಅಲ್ಲ. ಓದಿ, ಕೇಳಿ ತಿಳಿದಷ್ಟು ಹೇಳುವುದಾದರೆ ವಿದ್ವಾಂಸರಲ್ಲೇ ಒಮ್ಮತವಿಲ್ಲ. ದಫ್ ಬಿಟ್ಟು ಬೇರೆ ವಾದ್ಯ ಕೂಡದು ಎನ್ನುವವರು ಬಹಳ. ಹಾಡಿನ ಮಾತು ಏನು, ಅದು ಯಾವುದಕ್ಕೆ ಎಳೆಯುತ್ತದೆ, ಯಾವ ಕರ್ತವ್ಯ ಮರೆಸುತ್ತದೆ ಎಂದು ನೋಡಿ ಹೇಳುವವರೂ ಇದ್ದಾರೆ. ನಮ್ಮ ಮನೆಯಲ್ಲಿ ಅಬ್ಬಾ ಮೊದಲ ಗುಂಪಿನವರು. ಟಿವಿಯಲ್ಲಿ ವಾರ್ತೆಯ ಮುಂಚೆ ಬರುವ ಸಂಗೀತಕ್ಕೂ ದನಿ ಕಡಿಮೆ ಮಾಡುತ್ತಾರೆ. ನಾನು ಇಯರ್‌ಫೋನ್ ಹಾಕಿಕೊಳ್ಳುವುದು ಅವರಿಗೆ ಗೊತ್ತು. ಬೈದಿಲ್ಲ, ಆದರೆ ಏನು ಕೇಳುತ್ತೀಯ ಎಂದು ಒಮ್ಮೆಯೂ ಕೇಳಿರಲಿಲ್ಲ. ಆ ಮೌನ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಈ ಪ್ರಶ್ನೆಯನ್ನು ಹೊತ್ತು ಬದುಕಿದ ಒಬ್ಬ ಹಾಡುಗಾರರಿದ್ದಾರೆ, ಯೂಸುಫ್ ಇಸ್ಲಾಂ. ಮೊದಲ ಹೆಸರು ಕ್ಯಾಟ್ ಸ್ಟೀವನ್ಸ್, ಲಂಡನ್ನಿನವರು. 1970ರ 'ಟೀ ಫಾರ್ ದ ಟಿಲ್ಲರ್‌ಮನ್' ಆಲ್ಬಂ ಅವರನ್ನು ಲೋಕಪ್ರಸಿದ್ಧ ಮಾಡಿತು. ಅಣ್ಣ ಕೊಟ್ಟ ಕುರ್‌ಆನ್ ಓದಿ 1977ರಲ್ಲಿ ಇಸ್ಲಾಂ ಸ್ವೀಕರಿಸಿದರು. ಗಿಟಾರುಗಳನ್ನು ಹರಾಜಿಗಿಟ್ಟು ಹಣವನ್ನು ದಾನಕ್ಕೆ ಕೊಟ್ಟರು, 1983ರಲ್ಲಿ ಲಂಡನ್ನಿನಲ್ಲಿ ಮಕ್ಕಳಿಗೊಂದು ಇಸ್ಲಾಮಿಕ್ ಶಾಲೆ ತೆರೆದರು. 1995ರಲ್ಲಿ 'ದ ಲೈಫ್ ಆಫ್ ದ ಲಾಸ್ಟ್ ಪ್ರಾಫೆಟ್' ಎಂಬ ಆಲ್ಬಂ ತಂದರು. ಅದರಲ್ಲಿ ಗಿಟಾರ್ ಇಲ್ಲ. ಪ್ರವಾದಿ ಮುಹಮ್ಮದ್ (ಸ) ಅವರ ಜೀವನವನ್ನು ಮಾತಿನಲ್ಲಿ ಹೇಳುತ್ತಾರೆ, ನಡುವೆ ಬರೀ ದನಿ ಮತ್ತು ತಾಳದಲ್ಲಿ 'ತಲಅಲ್ ಬದ್ರು' ಬರುತ್ತದೆ. ವಾದ್ಯ ಬೇಡ ಎನ್ನುವ ಓದುಗರಿಗೆ ನಾನು ಧೈರ್ಯವಾಗಿ ಹೇಳಬಹುದಾದ ಆಲ್ಬಂ ಇದು. ಮುಂದೆ ಅವರ ಮಗ ಮನೆಗೆ ಒಂದು ಗಿಟಾರ್ ತಂದಿಟ್ಟ. ತಂದೆ ಅದನ್ನು ಮತ್ತೆ ಕೈಗೆತ್ತಿಕೊಂಡರು. 2006ರಲ್ಲಿ 'ಆನ್ ಅದರ್ ಕಪ್' ಬಂತು. ಬಿಟ್ಟದ್ದು ತಪ್ಪೋ, ಮತ್ತೆ ಹಿಡಿದದ್ದು ತಪ್ಪೋ ಎಂದು ಇಂದಿಗೂ ಜನ ವಾದಿಸುತ್ತಾರೆ. ಬಿಟ್ಟಾಗಲೂ ಹಿಡಿದಾಗಲೂ ಅವರು ಯೋಚಿಸಿಯೇ ಮಾಡಿದರು ಎಂಬುದು ನನಗೆ ಮುಖ್ಯವಾಗಿ ಕಂಡಿತು.

1970ರ ಆಲ್ಬಂನಲ್ಲಿ 'ಫಾದರ್ ಅಂಡ್ ಸನ್' ಎಂಬ ಹಾಡಿದೆ. ಮನೆ ಬಿಟ್ಟು ಹೋಗಬೇಕೆನ್ನುವ ಮಗ, ನಿಧಾನ ಮಾಡು ಎನ್ನುವ ತಂದೆ. ಇಬ್ಬರ ಮಾತನ್ನೂ ಒಬ್ಬರೇ ಹಾಡುತ್ತಾರೆ, ತಂದೆಗೆ ತಗ್ಗಿದ ದನಿ, ಮಗನಿಗೆ ಏರಿದ ದನಿ. ಐವತ್ತು ವರ್ಷದ ನಂತರ, 2020ರಲ್ಲಿ, ಆ ಆಲ್ಬಂ ಪೂರ್ತಿಯನ್ನು ಅವರು ಮತ್ತೆ ಹಾಡಿದರು. ಹೊಸದರಲ್ಲಿ ತಂದೆಯ ಸಾಲುಗಳನ್ನು ಎಪ್ಪತ್ತು ದಾಟಿದ ಯೂಸುಫ್ ಹಾಡಿದ್ದಾರೆ, ಮಗನ ಸಾಲುಗಳಿಗೆ 1970ರಲ್ಲಿ ಮುದ್ರಿಸಿದ್ದ ತಮ್ಮದೇ ಇಪ್ಪತ್ತೆರಡರ ದನಿಯನ್ನು ಇಟ್ಟಿದ್ದಾರೆ. ಎರಡೂ ಆಲ್ಬಂಗಳನ್ನು ಒಂದೇ ವಾರದಲ್ಲಿ ಕೇಳಿ.

ಕೇಳುವುದು ಹೇಗೆ ಎಂದರೆ, ನಾನು ಶುಕ್ರವಾರ ರಾತ್ರಿ ಊಟವಾದ ಮೇಲೆ ವಾರಕ್ಕೊಂದೇ ಆಲ್ಬಂ ಕೇಳುತ್ತೇನೆ. ಫೋನನ್ನು ತಲೆಕೆಳಗೆ ಮಾಡಿ ಇಡುತ್ತೇನೆ, ಸಂದೇಶ ಬಂದರೂ ನೋಡುವುದಿಲ್ಲ. ಓದುವಾಗ ಹಾಕಿಕೊಳ್ಳುವುದಿಲ್ಲ. ಹಾಕಿಕೊಂಡರೆ ಅಕೌಂಟೆನ್ಸಿಯೂ ತಲೆಗೆ ಹೋಗುವುದಿಲ್ಲ, ಆಲ್ಬಮ್ಮೂ ಹೋಗುವುದಿಲ್ಲ. ರಂಜಾನಿನಲ್ಲಿ ಪೂರ್ತಿ ನಿಲ್ಲಿಸುತ್ತೇನೆ. ಡೇಟಾ ಕಡಿಮೆ ಇದ್ದರೆ ಮೊದಲೇ ಇಳಿಸಿಟ್ಟುಕೊಳ್ಳಿ, ನಡುವೆ ಜಾಹೀರಾತು ಬಂದರೆ ಕುರುಬನ ಸಂಜೆ ಅಲ್ಲಿಗೇ ಕೆಡುತ್ತದೆ.

ಕಳೆದ ತಿಂಗಳ ಒಂದು ಶುಕ್ರವಾರ ಪ್ರವಾದಿಯವರ (ಸ) ಜೀವನದ ಆ ಆಲ್ಬಂ ಅನ್ನು ಇಯರ್‌ಫೋನ್ ತೆಗೆದು ಸ್ಪೀಕರಿನಲ್ಲಿ ಹಾಕಿದೆ. ಅಬ್ಬಾ ಲೆಕ್ಕದ ಪುಸ್ತಕ ನೋಡುತ್ತಾ ಕೂತಿದ್ದರು, ಎದ್ದು ಹೋಗಲಿಲ್ಲ. ಇಂಗ್ಲಿಷ್ ಅವರಿಗೆ ಅಷ್ಟು ತಿಳಿಯದು, ನಡುನಡುವೆ ನಾನು ಉರ್ದುವಿನಲ್ಲಿ ಹೇಳುತ್ತಾ ಹೋದೆ. ಮದೀನಾದ ಭಾಗ ಬಂದಾಗ ಪುಸ್ತಕ ಮುಚ್ಚಿಟ್ಟರು. ಮುಗಿದ ಮೇಲೆ "ಈ ಮನುಷ್ಯ ಮುಂಚೆ ಏನು ಹಾಡ್ತಿದ್ದ?" ಎಂದು ಕೇಳಿದರು. ತಂದೆ ಮಗನ ಹಾಡಿನ ಕಥೆ ಹೇಳಿದೆ. ಹಾಕಿ ತೋರಿಸಲಿಲ್ಲ, ಅವರೂ ಹಾಕು ಎನ್ನಲಿಲ್ಲ. "ಕೊನೆಗೆ ಮಗ ಹೋದನಾ, ಉಳಿದನಾ?" ಎಂದಷ್ಟೇ ಕೇಳಿದರು.