ಹಾರುವ ಮರಿ ವಿಮಾನಕ್ಕೆ ಒಗ್ಗುವ ಬಣ್ಣ

ರಿಮೋಟ್ ಹಿಡಿದು ಹಾರಿಸುವ ಮಾದರಿ ವಿಮಾನ ಕಟ್ಟುವವರ ತಾಳ್ಮೆ ದೊಡ್ಡದು. ಬಾಲ್ಸಾ ಹಲಗೆ ಕೊಯ್ದು, ಅಂಟಿಸಿ, ಉಪ್ಪುಕಾಗದದಲ್ಲಿ ಉಜ್ಜಿ ಒಂದು ರೆಕ್ಕೆ ಸಿದ್ಧವಾಗಲು ವಾರಗಳೇ ಬೇಕು. ಆ ಕೆಲಸ ಕೆಡುವುದು ಬಹಳ ಸಲ ಕೊನೆಯ ಒಂದು ತಾಸಿನಲ್ಲಿ. ಹಾರ್ಡ್‌ವೇರ್ ಅಂಗಡಿಯಿಂದ ಕಣ್ಣಿಗೆ ಹಿಡಿಸಿದ ಸ್ಪ್ರೇ ಡಬ್ಬಿ ತಂದು ಥರ್ಮೋಕೋಲ್ ರೆಕ್ಕೆಯ ಮೇಲೆ ಹೊಡೆದರೆ ನೋಡನೋಡುತ್ತಿದ್ದಂತೆ ಮೈಯೆಲ್ಲ ಗುಳಿ ಬೀಳುತ್ತದೆ. ಯಾವ ಬಣ್ಣ ಚೆಂದ ಎಂದು ಯೋಚಿಸುವ ಮೊದಲು ಯಾವ ಬಣ್ಣ ಒಗ್ಗುತ್ತದೆ ಎಂದು ಕೇಳಿಕೊಳ್ಳಬೇಕಾದ ಕಸುಬು ಇದು.

ಬಣ್ಣವನ್ನು ಒತ್ತಡದ ಡಬ್ಬಿಗೆ ತುಂಬಿದವರು ಅಮೆರಿಕದ ಇಲಿನಾಯ್ ರಾಜ್ಯದ ಎಡ್ವರ್ಡ್ ಸೀಮೋರ್, 1949ರಲ್ಲಿ. ಸಲಹೆ ಅವರ ಪತ್ನಿ ಬಾನಿಯವರದು. ಆ ಡಬ್ಬಿಯಲ್ಲಿ ಬಣ್ಣದ ಜೊತೆಗೆ ಅದನ್ನು ಕರಗಿಸಿಟ್ಟ ದ್ರಾವಕವೂ, ಎರಡನ್ನೂ ಹೊರಕ್ಕೆ ತಳ್ಳುವ ಅನಿಲವೂ ಇರುತ್ತವೆ. ರೆಕ್ಕೆಯನ್ನು ತಿನ್ನುವುದು ಬಣ್ಣವಲ್ಲ, ಉಳಿದ ಎರಡು. ಥರ್ಮೋಕೋಲ್ ಎಂದರೆ ಪಾಲಿಸ್ಟೈರೀನ್. ಅಸಿಟೋನ್, ಟಾಲ್ಯೂಯಿನ್ ಸೋಕಿದರೆ ಕರಗಿಹೋಗುತ್ತದೆ. ಹಾಗಾದರೆ ನೀರಿನ ಆಧಾರದ ಬಣ್ಣ ತಂದರಾಯಿತು ಎನ್ನುತ್ತೀರಿ. ಕುಂಚದಲ್ಲಿ ಬಳಿಯುವ ಅಕ್ರಿಲಿಕ್ ಆದರೆ ಸರಿ, ಭಯವಿಲ್ಲ. ಸ್ಪ್ರೇ ಡಬ್ಬಿಯಾದರೆ ಒಂದು ತೊಡಕಿದೆ: ನೀರಿನ ಆಧಾರದ ಹಲವು ಸ್ಪ್ರೇಗಳಲ್ಲಿ ತಳ್ಳುವ ಅನಿಲ ಡೈಮೀಥೈಲ್ ಈಥರ್. ಅದೂ ಪಾಲಿಸ್ಟೈರೀನನ್ನು ಕರಗಿಸಬಲ್ಲದು. ಡಬ್ಬಿಯ ಮುಂದಿನ ದೊಡ್ಡ ಅಕ್ಷರ ನಂಬದೆ ಹಿಂದಿನ ಸಣ್ಣ ಅಕ್ಷರ ಓದಿ ಎನ್ನುವುದು ಇದಕ್ಕೇ.

ಫೋಮ್‌ಗಳೆಲ್ಲ ಒಂದೇ ಜಾತಿಯಲ್ಲ. ಈಗ ಡಬ್ಬದಲ್ಲಿ ಸಿದ್ಧವಾಗಿ ಬರುವ ಬಹುಪಾಲು ವಿಮಾನಗಳ ಇಪಿಒ ಫೋಮ್ ದ್ರಾವಕವನ್ನು ಸಾಕಷ್ಟು ತಡೆದುಕೊಳ್ಳುತ್ತದೆ; ದೂರದಿಂದ ತೆಳು ಮಂಜಿನಂತೆ ಹೊಡೆದರೆ ಕೆಡುವುದಿಲ್ಲ. ಇಪಿಪಿ ಫೋಮ್, ಬ್ಯಾನರ್‌ಗೆ ಬಳಸುವ ಸನ್‌ಪ್ಯಾಕ್ ಶೀಟು ಇವು ಪಾಲಿಪ್ರೊಪಿಲೀನ್. ಇಲ್ಲಿ ಕಷ್ಟ ತಿರುವುಮುರುವು: ಕರಗುವುದಿಲ್ಲ, ಆದರೆ ಬಣ್ಣ ಹಿಡಿಯುವುದೂ ಇಲ್ಲ. ಕಾರಿನ ಬಂಪರ್‌ಗೆ ಹಾಕುವ ಪ್ಲಾಸ್ಟಿಕ್ ಪ್ರೈಮರ್ ಮೊದಲು ಕೊಡದಿದ್ದರೆ ಉಗುರಿಗೆ ಸಿಕ್ಕಿ ಸಿಪ್ಪೆಯಂತೆ ಎದ್ದುಬರುತ್ತದೆ. ಪ್ಲಾಸ್ಟಿಕ್ಕಿನ ಈ ಜಾತಿಭೇದ ಗೊತ್ತಿದ್ದೇ ಜಪಾನಿನ ಟಾಮಿಯಾ ಕಂಪನಿ ಬೇರೆ ಬೇರೆ ಸಾಲಿನ ಡಬ್ಬಿ ಮಾಡುತ್ತದೆ. ಅವರ ಪಿಎಸ್ ಸಾಲು ಪಾರದರ್ಶಕ ಪಾಲಿಕಾರ್ಬನೇಟ್‌ಗೆ, ಅದೂ ಒಳಮೈಗೆ ಹೊಡೆಯಲು. ಸ್ಟೈರೀನ್ ಪ್ಲಾಸ್ಟಿಕ್‌ಗೆ ಟಿಎಸ್. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ಇನ್ನು ಪದರದ ಮೇಲೆ ಪದರ. ಲ್ಯಾಕರ್ ಒಣಗುವುದು ದ್ರಾವಕ ಆರಿಹೋಗಿ. ಗ್ಯಾರೇಜಿನವರು ಡ್ಯೂಕೋ ಎನ್ನುವ ನೈಟ್ರೋಸೆಲ್ಯುಲೋಸ್ ಬಣ್ಣ ಇದೇ ಜಾತಿ. ಎನಾಮಲ್ ಹಾಗಲ್ಲ, ಗಾಳಿಯ ಆಮ್ಲಜನಕ ಹೀರಿ ದಿನಗಟ್ಟಲೆ ಗಟ್ಟಿಯಾಗುತ್ತ ಹೋಗುತ್ತದೆ. ಒಣಗಿದ ಲ್ಯಾಕರ್ ಮೇಲೆ ಎನಾಮಲ್ ಕೂರುತ್ತದೆ. ಎನಾಮಲ್ ಮೇಲೆ ಲ್ಯಾಕರ್ ಹೊಡೆದರೆ ಅದರ ಖಾರ ದ್ರಾವಕ ಕೆಳಗಿನ ಅರೆಗಟ್ಟಿ ಪದರವನ್ನು ಉಬ್ಬಿಸಿ ಸುಕ್ಕುಗಟ್ಟಿಸುತ್ತದೆ. ಎನಾಮಲ್ ಮೇಲೆ ಎನಾಮಲ್ ಕೂಡ ಹೊತ್ತು ನೋಡಿಯೇ ಆಗಬೇಕು. ಅನೇಕ ಡಬ್ಬಿಗಳ ಸೂಚನೆ ಇಷ್ಟೇ: ಎರಡನೆಯ ಕೋಟು ಒಂದು ತಾಸಿನೊಳಗೆ ಕೊಡಿ, ಇಲ್ಲವೇ 24ರಿಂದ 48 ತಾಸು ಕಾಯಿರಿ. ಹೊಸಬರು ಮೀರುವ ನಿಯಮ ಇದೇ ಎಂದು ನನ್ನ ಎಣಿಕೆ. ಪ್ರೈಮರ್, ಬಣ್ಣ, ಮೇಲೆ ಹೊಡೆಯುವ ಪಾರದರ್ಶಕ ಕ್ಲಿಯರ್ ಮೂರನ್ನೂ ಒಂದೇ ತಯಾರಕರ ಒಂದೇ ಸಾಲಿನಿಂದ ಕೊಂಡರೆ ಅರ್ಧ ತಲೆನೋವು ತಪ್ಪುತ್ತದೆ.

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನಲ್ಲಿ, ಲ್ಯಾಕರ್ ಹಾಲಿನಂತೆ ಬೆಳ್ಳಗಾಗುವುದುಂಟು. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಹನಿಗಟ್ಟುತ್ತದೆ. ನಿಧಾನಕ್ಕೆ ಆರುವ ರಿಟಾರ್ಡರ್ ಥಿನ್ನರ್ ಇದಕ್ಕೆ ಮದ್ದು; ಡಬ್ಬಿಯ ಬಣ್ಣಕ್ಕಾದರೆ ಬಿಸಿಲು ಬರುವವರೆಗೆ ಕಾಯುವುದೇ ಮದ್ದು.

ವಿದ್ಯುತ್ ಮೋಟಾರಿನ ವಿಮಾನಕ್ಕೆ ಇಷ್ಟಾದರೆ ಸಾಕು. ಗ್ಲೋ ಎಂಜಿನ್ ಇದ್ದರೆ ಇನ್ನೊಂದು ಪರೀಕ್ಷೆ ಬಾಕಿ. ಅದರ ಇಂಧನ ಮೆಥನಾಲ್, ಹರಳೆಣ್ಣೆ ಅಥವಾ ಕೃತಕ ಎಣ್ಣೆ, ಜೊತೆಗೆ ಒಂದಿಷ್ಟು ನೈಟ್ರೋಮೀಥೇನ್. ಹೊಗೆಯ ಜೊತೆ ಉಗುಳಿದ ಜಿಡ್ಡು ಮೈಗೆ ಮೆತ್ತಿ ಸಾಮಾನ್ಯ ಬಣ್ಣವನ್ನು ಅಂಟಂಟು ಮಾಡುತ್ತದೆ. ಹಳಬರು ರೆಕ್ಕೆಗೆ ಹೊದಿಸಿದ ಟಿಶ್ಯೂ, ರೇಷ್ಮೆ ಬಟ್ಟೆಗೆ ಡೋಪ್ ಎಂಬ ಲ್ಯಾಕರ್ ಬಳಿಯುತ್ತಿದ್ದಾಗ ಇದಕ್ಕೊಂದು ಅಚ್ಚುಕಟ್ಟಾದ ಕ್ರಮವಿತ್ತು: ಹಿಡಿತಕ್ಕೆ ಕೆಳಗೆ ನೈಟ್ರೇಟ್ ಡೋಪ್, ಇಂಧನ ತಡೆಯಲು ಮೇಲೆ ಬ್ಯೂಟಿರೇಟ್. ಅದಲುಬದಲು ಮಾಡುವಂತಿರಲಿಲ್ಲ. ಈಗ ಆ ಜಾಗಕ್ಕೆ ಎರಡು ಭಾಗ ಬೆರೆಸುವ ಪಿಯು (ಪಾಲಿಯುರೆಥೇನ್) ಕ್ಲಿಯರ್ ಬಂದಿದೆ. ಒಮ್ಮೆ ಗಟ್ಟಿಯಾದರೆ ಇಂಧನಕ್ಕೆ ಜಗ್ಗುವುದಿಲ್ಲ. ಆದರೆ ಅದರ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇದೆ, ಶ್ವಾಸಕೋಶಕ್ಕೆ ವಿಷ. ಬಟ್ಟೆಯ ಮಾಸ್ಕ್ ಕಟ್ಟಿಕೊಂಡು ಮನೆಯ ಬಾಲ್ಕನಿಯಲ್ಲಿ ಹೊಡೆಯುವ ವಸ್ತು ಅದಲ್ಲ. ಬೂತ್ ಇರುವ ಕಾರ್ ಪೇಂಟಿಂಗ್ ಶಾಪಿಗೆ ಒಯ್ಯಿರಿ.

ಬಟ್ಟೆಯ ಬದಲು ಇಸ್ತ್ರಿ ಮಾಡಿ ಅಂಟಿಸುವ ಪ್ಲಾಸ್ಟಿಕ್ ಫಿಲ್ಮ್ ಮೇಲೆ ಬಣ್ಣ ಹಾಕುವವರು ಸುಕ್ಕನ್ನೆಲ್ಲ ಮೊದಲೇ ಬಿಸಿಯಿಂದ ಎಳೆದುಕೊಂಡು, ಹೊಳಪು ಹೋಗುವಷ್ಟು ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿಕೊಳ್ಳಬೇಕು.

ಬಣ್ಣಕ್ಕೆ ತೂಕವೂ ಇದೆ. ಬಾಲದ ತುದಿ ಗುರುತ್ವ ಕೇಂದ್ರದಿಂದ ಮೂಗಿಗಿಂತ ಎರಡು ಮೂರು ಪಟ್ಟು ದೂರ. ಅಲ್ಲಿ 10 ಗ್ರಾಂ ಬಣ್ಣ ಹೆಚ್ಚಾದರೆ ಸರಿದೂಗಿಸಲು ಮೂಗಿನಲ್ಲಿ 20ರಿಂದ 30 ಗ್ರಾಂ ಸೀಸ ಹಾಕಬೇಕಾಗುತ್ತದೆ. ಬಾಲದಲ್ಲಿ ಆಡುವ ಎಲಿವೇಟರ್, ರಡರ್ ಮೇಲೆ ದಪ್ಪ ಕೋಟು ಬಿದ್ದರೆ ವೇಗದಲ್ಲಿ ಅವು ಅದುರಲೂಬಹುದು. ಹಾಗಾಗಿ ಹಿಂಭಾಗಕ್ಕೆ ಕೈ ಬಿಗಿಹಿಡಿದೇ ಹೊಡೆಯುವುದು ವಾಸಿ. ಮೇಲ್ಮೈಗೂ ಕೆಳಮೈಗೂ ಬೇರೆ ಬೇರೆ ಬಣ್ಣ ಕೊಟ್ಟರೆ ದೂರದಲ್ಲಿ ವಿಮಾನ ಮಗುಚಿದೆಯೋ ನೆಟ್ಟಗಿದೆಯೋ ಹಾರಿಸುವವರಿಗೆ ತಟ್ಟನೆ ತಿಳಿಯುತ್ತದೆ. ಫೋಮ್‌ಗೆ ಕಡುಗಪ್ಪು ಬೇಡ, ನಮ್ಮ ಬಿಸಿಲಿಗೆ ಕಾದು ಉಬ್ಬುತ್ತದೆ.

ಎನ್‌ಸಿಸಿ ವಾಯುದಳದಲ್ಲಿ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಏರೋಮಾಡೆಲಿಂಗ್ ಕಲಿಸುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಹೊಸ ಡಬ್ಬಿ ಬಂದಾಗಲೆಲ್ಲ ಅದೇ ಫೋಮಿನ, ಅದೇ ಬಾಲ್ಸಾದ ಉಳಿಕೆ ತುಂಡಿಗೆ ಪ್ರೈಮರಿನಿಂದ ಕ್ಲಿಯರ್‌ವರೆಗೆ ಪೂರ್ತಿ ಹೊಡೆಸಿ, ಪೂರ್ತಿ ಒಣಗಲು ಬಿಟ್ಟು, ಗ್ಲೋ ಎಂಜಿನ್ ಆದರೆ ಒಂದು ಹನಿ ಇಂಧನ ಹಾಕಿ ಹತ್ತು ನಿಮಿಷ ಬಿಟ್ಟು ಒರೆಸಿ ನೋಡಿಸಿ. ಆ ತುಂಡಿನ ಹಿಂದೆ ಡಬ್ಬಿಯ ಹೆಸರು, ತಾರೀಖು ಬರೆಸಿ ವರ್ಕ್‌ಶಾಪಿನ ಗೋಡೆಗೆ ತೂಗುಹಾಕಿಸಿ. ಮುಂದಿನ ವರ್ಷದ ಹುಡುಗ ಹುಡುಗಿಯರು ಡಬ್ಬಿ ಕೊಳ್ಳುವ ಮೊದಲು ಆ ಗೋಡೆ ನೋಡಿಕೊಂಡು ಹೋಗಲಿ.