ಪ್ರಸಾರ ಹಕ್ಕಿನ ಬೆಲೆ ಮತ್ತು ನಷ್ಟದ ಹೊಣೆ: ಅಮೆರಿಕದ ಕಾಲೇಜು ಕ್ರೀಡೆಗಳಿಂದ ಒಂದು ಪಾಠ

ಅಢಾವೆ ಪತ್ರಿಕೆಯಲ್ಲಿ ಕಟ್ಟಡ, ಯಂತ್ರ, ದಾಸ್ತಾನುಗಳ ಬೆಲೆಯನ್ನು ನಮೂದಿಸುವುದು ಸುಲಭ. ಕಣ್ಣಿಗೆ ಕಾಣದ ಹಕ್ಕುಗಳ ಬೆಲೆಯನ್ನು ನಿರ್ಧರಿಸುವುದು ಕಷ್ಟ. ಅಮೆರಿಕದ ವಿಶ್ವವಿದ್ಯಾಲಯಗಳಿಗೆ ತಮ್ಮ ಕ್ರೀಡಾ ಪಂದ್ಯಗಳ ಪ್ರಸಾರ ಹಕ್ಕು ಇಂತಹ ಒಂದು ಆಸ್ತಿ. ಈ ಹಕ್ಕು ದೂರದರ್ಶನದಿಂದ ಅಂತರಜಾಲದತ್ತ ಸಾಗುವ ಹಾದಿಯಲ್ಲಿ, ಶತಮಾನ ದಾಟಿದ ಒಂದು ಒಕ್ಕೂಟವೇ 2023ರಲ್ಲಿ ಚದುರಿಹೋಯಿತು. ಅದರ ಲೆಕ್ಕಾಚಾರ ನಮ್ಮ ಸದಸ್ಯರಿಗೂ ಉಪಯುಕ್ತವಾದೀತು.

ಹಿನ್ನೆಲೆ

ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಪಂದ್ಯಗಳ ದೂರದರ್ಶನ ಪ್ರಸಾರವನ್ನು ಮೊದಲು ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ನಿಯಂತ್ರಿಸುತ್ತಿತ್ತು. ಇದು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1984ರಲ್ಲಿ ತೀರ್ಪು ನೀಡಿತು. ಅಂದಿನಿಂದ ವಿಶ್ವವಿದ್ಯಾಲಯಗಳೂ ಅವುಗಳ ಪ್ರಾದೇಶಿಕ ಒಕ್ಕೂಟಗಳೂ ಹಕ್ಕನ್ನು ತಾವೇ ಮಾರತೊಡಗಿದವು.

1915ರಲ್ಲಿ ಆರಂಭವಾದ ಪಶ್ಚಿಮ ಕರಾವಳಿಯ ಒಕ್ಕೂಟವೇ ಮುಂದೆ ಪ್ಯಾಕ್-12 ಎನಿಸಿತು. ಅದು 2011ರಲ್ಲಿ ಇಎಸ್‌ಪಿಎನ್ ಮತ್ತು ಫಾಕ್ಸ್ ಸಂಸ್ಥೆಗಳೊಂದಿಗೆ ಹನ್ನೆರಡು ವರ್ಷಗಳ ಅವಧಿಗೆ, ಸುಮಾರು 300 ಕೋಟಿ ಡಾಲರ್ ಮೊತ್ತದ್ದೆಂದು ವರದಿಯಾದ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಪಾಲುದಾರರಿಲ್ಲದೆ ಸ್ವಂತ ವಾಹಿನಿಯನ್ನೂ ತೆರೆಯಿತು. ಲಾಭವೆಲ್ಲ ತನ್ನದೇ ಎಂದಾಗ ನಷ್ಟದ ಹೊಣೆಯೂ ತನ್ನದೇ ಆಗುತ್ತದೆ. ಉಪಗ್ರಹ ಪ್ರಸಾರದ ದೊಡ್ಡ ಸಂಸ್ಥೆಯಾದ ಡೈರೆಕ್‌ಟಿವಿಯೊಂದಿಗೆ ಒಪ್ಪಂದ ಕುದುರದೆ ವಾಹಿನಿಗೆ ನಿರೀಕ್ಷಿತ ವ್ಯಾಪ್ತಿ ದೊರೆಯಲಿಲ್ಲ. 2024ರಲ್ಲಿ ಅದು ಮುಚ್ಚಿತು.

ಖಚಿತ ಆದಾಯವೋ, ಚಂದಾದಾರರ ಪಾಲೋ?

2022ರ ಜೂನ್‌ನಲ್ಲಿ ಲಾಸ್ ಏಂಜಲೀಸಿನ ಎರಡು ಪ್ರಮುಖ ವಿಶ್ವವಿದ್ಯಾಲಯಗಳು ಬಿಗ್ ಟೆನ್ ಒಕ್ಕೂಟವನ್ನು ಸೇರುವುದಾಗಿ ಪ್ರಕಟಿಸಿದವು. ಆಗಸ್ಟ್‌ನಲ್ಲಿ ಬಿಗ್ ಟೆನ್ ಒಕ್ಕೂಟವು ಫಾಕ್ಸ್, ಸಿಬಿಎಸ್, ಎನ್‌ಬಿಸಿಗಳೊಂದಿಗೆ ಏಳು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಮೊತ್ತ 700 ಕೋಟಿ ಡಾಲರ್‌ಗೂ ಅಧಿಕವೆಂದು ವರದಿಯಾಯಿತು. ಪ್ರಮುಖ ಪಂದ್ಯಗಳು ದೂರದರ್ಶನಕ್ಕೆ, ಕೆಲವು ಮಾತ್ರ ಅಂತರಜಾಲದ ಪೀಕಾಕ್ ಸೇವೆಗೆ ಎಂಬ ಹಂಚಿಕೆ ಇಲ್ಲಿ ಗಮನಾರ್ಹ. ಅದೇ ಅಕ್ಟೋಬರ್‌ನಲ್ಲಿ ಬಿಗ್ 12 ಒಕ್ಕೂಟವೂ ಒಪ್ಪಂದ ನವೀಕರಿಸಿಕೊಂಡಿತು. ಅದರಿಂದ ಪ್ರತಿ ಸದಸ್ಯ ಸಂಸ್ಥೆಗೆ ವಾರ್ಷಿಕ ಸರಾಸರಿ 3.17 ಕೋಟಿ ಡಾಲರ್ ಎಂದು ವರದಿಯಾಯಿತು.

ತಡಮಾಡಿದ ಪ್ಯಾಕ್-12ರ ಮುಂದೆ 2023ರ ಬೇಸಿಗೆಯಲ್ಲಿ ಉಳಿದದ್ದು ಮುಖ್ಯವಾಗಿ ಆಪಲ್ ಸಂಸ್ಥೆಯ ಪ್ರಸ್ತಾವ. ಪತ್ರಿಕಾ ವರದಿಗಳ ಪ್ರಕಾರ, ಪ್ರತಿ ಸದಸ್ಯನಿಗೆ ವರ್ಷಕ್ಕೆ ಸುಮಾರು 2ರಿಂದ 2.5 ಕೋಟಿ ಡಾಲರ್ ಖಚಿತ. ಅದಕ್ಕೂ ಮೇಲಿನದು ಅಂತರಜಾಲ ಚಂದಾದಾರರ ಸಂಖ್ಯೆಯನ್ನು ಅವಲಂಬಿಸಿತ್ತು. ಸದಸ್ಯರು ಒಬ್ಬೊಬ್ಬರಾಗಿ ಹೊರನಡೆದರು. ಹನ್ನೆರಡರಲ್ಲಿ ಉಳಿದವು ಎರಡೇ: ಆರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್.

ಆಪಲ್ ಪ್ರಸ್ತಾವ ಅವಿವೇಕದ್ದೇನೂ ಆಗಿರಲಿಲ್ಲ; ಚಂದಾದಾರರು ಹೆಚ್ಚಿದ್ದರೆ ಆದಾಯವೂ ಹೆಚ್ಚುತ್ತಿತ್ತು. ಆದರೆ ತರಬೇತುದಾರರ ವೇತನ, ಕ್ರೀಡಾಂಗಣದ ಸಾಲ, ವಿದ್ಯಾರ್ಥಿವೇತನಗಳೆಲ್ಲ ಸ್ಥಿರ ವೆಚ್ಚಗಳು. ಫುಟ್‌ಬಾಲ್ ಆದಾಯದಿಂದಲೇ ಈಜು, ಓಟದಂತಹ ಕ್ರೀಡೆಗಳೂ ನಡೆಯಬೇಕು. ಸ್ಥಿರ ವೆಚ್ಚಕ್ಕೆ ಅಸ್ಥಿರ ಆದಾಯವನ್ನು ನೆಚ್ಚುವುದು ಅಪಾಯಕರ. ಆದ್ದರಿಂದಲೇ ಆರೆಗಾನ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯಗಳು ಪೂರ್ಣ ಪಾಲಿಗಿಂತ ಕಡಿಮೆ ಪಡೆದೂ ಬಿಗ್ ಟೆನ್ ಸೇರಿದವು. 2025ರ ಜೂನ್‌ನಲ್ಲಿ ನ್ಯಾಯಾಲಯ ಅನುಮೋದಿಸಿದ ರಾಜಿಯಂತೆ, 2025-26ರಲ್ಲಿ ಪ್ರತಿ ವಿಶ್ವವಿದ್ಯಾಲಯ ಸುಮಾರು 2.05 ಕೋಟಿ ಡಾಲರ್‌ವರೆಗೆ ಕ್ರೀಡಾಪಟುಗಳಿಗೆ ನೇರವಾಗಿ ಹಂಚಲು ಅವಕಾಶವಾಯಿತು. ಅಂದರೆ ಖಚಿತ ಆದಾಯದ ಅಗತ್ಯ ಮತ್ತಷ್ಟು ಹೆಚ್ಚಿತು.

ನಮಗೇನು ಪಾಠ?

ನಮ್ಮ ಗಾಂಧಿನಗರದ ಚಿತ್ರೋದ್ಯಮಕ್ಕೆ ಈ ಪ್ರಶ್ನೆ ಹೊಸದಲ್ಲ. ‘ಮಿನಿಮಮ್ ಗ್ಯಾರಂಟಿ’ಯೋ, ಶೇಕಡಾವಾರು ಪಾಲೋ ಎಂಬ ಹಳೆಯ ಚರ್ಚೆಯೇ ಓಟಿಟಿ ವೇದಿಕೆಗಳ ಕಾಲದಲ್ಲಿ ಹೊಸ ರೂಪದಲ್ಲಿ ಬಂದಿದೆ. ಯಾವುದೇ ಹಕ್ಕನ್ನು ಪಾಲಿನ ಆಧಾರದ ಮೇಲೆ ಕೊಡುವ ಮುನ್ನ ಮೂರು ಅಂಶಗಳನ್ನು ಪರಿಶೀಲಿಸಬೇಕು: ಖಚಿತ ಮೊತ್ತವು ಸ್ಥಿರ ವೆಚ್ಚವನ್ನು ಭರಿಸುತ್ತದೆಯೇ? ಚಂದಾದಾರರ ಅಥವಾ ವೀಕ್ಷಕರ ಲೆಕ್ಕವನ್ನು ತಪಾಸಣೆ ಮಾಡುವ ಅಧಿಕಾರ ನಮಗಿದೆಯೇ? ಹಳೆಯ ಒಪ್ಪಂದದ ಅವಧಿ ಮುಗಿಯುವ ಮೊದಲೇ ಹೊಸ ಮಾತುಕತೆಗೆ ಸಾಕಷ್ಟು ಕಾಲವಿದೆಯೇ?

ತಂತ್ರಜ್ಞಾನ ಬದಲಾದಾಗ ಸರಕು ತಲಪುವ ಮಾರ್ಗ ಬದಲಾಗುತ್ತದೆ. ಅದರ ಜೊತೆಗೆ ನಷ್ಟದ ಹೊಣೆಯೂ ಕೈ ಬದಲಾಗಬಹುದು. ಅದು ಯಾರ ಹೆಗಲಿಗೆ ಬಂತೆಂಬುದನ್ನು ಸಹಿ ಹಾಕುವ ಮೊದಲೇ ಅರಿಯುವುದು ವ್ಯವಹಾರಸ್ಥನ ಕರ್ತವ್ಯ.